ನಾನು ಹಾಳು ಮಾಡಿದ ಐವತ್ತು ಹಿತ್ತಾಳೆ ಕೇಸು

ಕಕ್ಕಬ್ಬೆಯಲ್ಲಿ ಮಳೆ ಹಿಡಿದು ಇವತ್ತಿಗೆ ಹನ್ನೊಂದು ದಿನ. ಕರೆಂಟು ಇದ್ದಾಗ ಬರೆಯುತ್ತೇನೆ, ಹೋದಾಗ ಎದ್ದು ಒಲೆ ಹತ್ತಿರ ಕೂರುತ್ತೇನೆ. ಹಾಗಾಗಿ ಇದು ತುಂಡು ತುಂಡಾಗಿ ಬಂದರೆ ಬೈಯಬೇಡಿ.

ಈ ವರ್ಷ ರೋಬಸ್ಟಾ ಕೊಯ್ಲು ಮುಗಿಸಿ ಮೂರು ತಿಂಗಳು ನ್ಯೂಜಿಲೆಂಡಿಗೆ ಹೋಗಿದ್ದೆ. ಅಕ್ಕನ ಮಗ ಅಲ್ಲಿ ಆಶ್‌ಬರ್ಟನ್ ಹತ್ತಿರ ಟ್ರ್ಯಾಕ್ಟರ್ ಮೆಕ್ಯಾನಿಕ್. ಹೂಮಳೆ ಹೊತ್ತಿಗೆ ತೋಟದಲ್ಲಿ ನಾನಿರಲಿಲ್ಲ ಅಂತ ಮನೆಯಾಕೆಗೆ ಇನ್ನೂ ಕೋಪ ಇಳಿದಿಲ್ಲ. ಊರವರು ಸಿಕ್ಕಾಗಲೆಲ್ಲ ಏನೇನು ನೋಡಿದೆ ಅಂತ ಕೇಳುತ್ತಾರೆ. ಹಿಮದ ಬೆಟ್ಟ ನೋಡಿದೆ, ನೀಲಿ ಕೆರೆ ನೋಡಿದೆ ಅನ್ನುತ್ತೇನೆ. ನಿಜ ಬೇರೆ. ಅರ್ಧಕ್ಕರ್ಧ ದಿನ ಅವನ ಗ್ಯಾರೇಜಿನಲ್ಲಿ ಕೂತು, ಈಡು ಹಾರಿದ ಮೇಲೆ ಉಳಿಯುವ ಖಾಲಿ ತೋಟಾ ಕೇಸು ತೂಗುತ್ತಿದ್ದೆ. ಇಷ್ಟು ಖುಷಿಯಾಗಿ ದಿನ ಕಳೆದು ಯಾವ ಕಾಲ ಆಗಿತ್ತೋ.

ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ಸೇನೆಯಲ್ಲಿ ಇಪ್ಪತ್ನಾಲ್ಕು ವರ್ಷ ಆರ್ಮರರ್, ಅಂದರೆ ಕೋವಿ ರಿಪೇರಿಯವನು, ಆಗಿದ್ದೆ. ಕೋವಿ ಹೊಡೆಯುವುದಕ್ಕಿಂತ ಬಿಚ್ಚಿ ಜೋಡಿಸಿದ್ದೇ ಜಾಸ್ತಿ. ಮೊದಲು 7.62 ಮಿಲಿಮೀಟರ್ ತೋಟಾದ ಎಸ್‌ಎಲ್‌ಆರ್ ರೈಫಲ್, ಆಮೇಲೆ ಇನ್ಸಾಸ್ ರೈಫಲ್. ಸೇನೆಯಲ್ಲಿ ಖಾಲಿ ಕೇಸು ಅಂದರೆ ಬರೀ ಲೆಕ್ಕ. ಎಷ್ಟು ತೋಟಾ ಹೋಯಿತೋ ಅಷ್ಟು ಕೇಸು ವಾಪಸ್ ಬರಬೇಕು, ಒಂದು ಕಮ್ಮಿಯಾದರೆ ಇಡೀ ಪ್ಲಟೂನು ಹುಲ್ಲಿನಲ್ಲಿ ಮಂಡಿಯೂರಿ ಹುಡುಕಬೇಕು. ಎಣಿಸಿ ಚೀಲಕ್ಕೆ ಹಾಕಿದ ಮೇಲೆ ಅದರ ಮುಖ ಯಾರೂ ನೋಡುತ್ತಿರಲಿಲ್ಲ. ನಾನೂ ನೋಡಿರಲಿಲ್ಲ. ಅಳಿಯನ ಗ್ಯಾರೇಜಿನಲ್ಲಿ ಅದನ್ನೇ ಒಂದೊಂದಾಗಿ ದೀಪಕ್ಕೆ ಹಿಡಿದು ನೋಡುವ ಜನ ಇದ್ದಾರೆ ಅಂತ ಗೊತ್ತಾಯಿತು.

ಮುಂದೆ ಹೋಗುವ ಮೊದಲು ಕಾನೂನಿನ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಓದಿ ಯಾರಾದರೂ ಹುಡುಗರು ಮನೆಯಲ್ಲಿ ಶುರು ಹಚ್ಚಿಕೊಂಡಾರು. ಕೊಡವರಿಗೆ, ಕೊಡಗಿನ ಹಳೇ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ವಿನಾಯಿತಿ ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್ನಿನದು. ಅಂದರೆ ಕೋವಿ ಇಟ್ಟುಕೊಳ್ಳುವುದರದು. 2019ರಲ್ಲಿ ಕೇಂದ್ರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟು ಸರಿ ಅಂದಿತು. ತೋಟಾ ತಯಾರಿಸುವುದು ಬರುವುದು 5ನೇ ಸೆಕ್ಷನ್ನಿಗೆ. ಅದಕ್ಕೆ ನಮಗೆ ವಿನಾಯಿತಿ ಇಲ್ಲ. ಅದೇ ಕಾಯ್ದೆಯಲ್ಲಿ ತೋಟಾದ ಭಾಗಗಳೂ, ಅದನ್ನು ಮಾಡುವ ಯಂತ್ರವೂ ತೋಟಾದ ಲೆಕ್ಕವೇ. ಹಾಗಾಗಿ ನಾನು ವಿಮಾನದಲ್ಲಿ ಒಂದು ಖಾಲಿ ಕೇಸನ್ನೂ ತರಲಿಲ್ಲ. ತಂದದ್ದು ನೂರು ಪುಟದ ಒಂದು ನೋಟ್‌ಬುಕ್ಕು ಮಾತ್ರ. ಈ ಬರಹ ಅದರಿಂದಲೇ.

ಅಲ್ಲಿ ಕಥೆ ಬೇರೆ. ಬಾವಲಿ ಬಿಟ್ಟರೆ ಆ ದೇಶದ ನೆಲಕ್ಕೆ ತನ್ನದು ಅನ್ನುವ ಸಸ್ತನಿಯೇ ಇರಲಿಲ್ಲವಂತೆ. ಬ್ರಿಟಿಷರು ಹೋಗಿ ಜಿಂಕೆ ಬಿಟ್ಟರು. ತಿನ್ನುವ ಹುಲಿ, ಚಿರತೆ ಇಲ್ಲ. ಜಿಂಕೆ ಬೆಳೆದು ಬೆಳೆದು ಕಾಡನ್ನೇ ಮೇಯತೊಡಗಿತು. ಹಾಗಾಗಿ ಅಲ್ಲಿ ಬೇಟೆ ತಪ್ಪಲ್ಲ, ಕೋವಿ ಲೈಸೆನ್ಸ್ ಮತ್ತು ಆ ಜಾಗದ ಅನುಮತಿ ಇದ್ದರೆ ಸಾಕು. ತೋಟಾವನ್ನು ಮನೆಯಲ್ಲೇ ತುಂಬಿಕೊಳ್ಳುವುದೂ ತಪ್ಪಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲಿನ ಕೊಡಗನ್ನು ನೋಡಿದವನಿಗೆ ಅದು ಬೇರೆ ಗ್ರಹದ ಹಾಗೆ ಕಾಣಿಸಿತು.

ಒಂದು ಈಡು ಹೊಡೆದರೆ ಗುಂಡು ಹೋಗುತ್ತದೆ, ಮದ್ದು ಉರಿಯುತ್ತದೆ, ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಕೇಪು ಸಾಯುತ್ತದೆ. ಉಳಿಯುವುದು ಹಿತ್ತಾಳೆ ಕೇಸು ಒಂದೇ. ತೋಟಾದಲ್ಲಿ ಜಾಸ್ತಿ ದುಡ್ಡು ಕೂತಿರುವುದೂ ಅದರಲ್ಲೇ. ಅದನ್ನೇ ಮತ್ತೆ ಮತ್ತೆ ಬಳಸುವುದು ಇವರ ಹವ್ಯಾಸ. ಹಳೇ ಕೇಪು ತೆಗೆದು, ಉಬ್ಬಿದ ಕೇಸನ್ನು ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತಂದು, ಉದ್ದ ಬೆಳೆದಿದ್ದರೆ ಕತ್ತರಿಸಿ ಸರಿ ಮಾಡಿ ಆಮೇಲೆ ತುಂಬುತ್ತಾರೆ. ತುಂಬುವ ವಿಷಯಕ್ಕೆ ನಾನು ಹೋಗುವುದಿಲ್ಲ. ನನ್ನನ್ನು ಹಿಡಿದದ್ದು ಹಿತ್ತಾಳೆ.

ಎಪ್ಪತ್ತು ಭಾಗ ತಾಮ್ರ, ಮೂವತ್ತು ಭಾಗ ಸತು. ಎಲ್ಲ ಕಂಪನಿಯದೂ ಹೆಚ್ಚು ಕಡಿಮೆ ಅದೇ ಪಾಕ. ಒಂದು ಬಟ್ಟಲಿನ ಥರದ ತುಂಡನ್ನು ಹಲವು ಸಲ ಎಳೆದು ಎಳೆದು ಉದ್ದ ಮಾಡಿ, ಬುಡವನ್ನು ಜಜ್ಜಿ ಅಕ್ಷರ ಒತ್ತಿ, ಕುತ್ತಿಗೆ ಕಿರಿದು ಮಾಡುತ್ತಾರೆ. ಬುಡ ದಪ್ಪ ಮತ್ತು ಗಟ್ಟಿ, ಬಾಯಿ ತೆಳ್ಳಗೆ ಮತ್ತು ಮೆದು. ಒಂದೇ ತುಂಡಿನಲ್ಲಿ ಈ ಎರಡೂ ಗುಣ ಬರಬೇಕು. ಅಳಿಯನ ರೈಫಲ್ಲಿನ ತೋಟಾ .308 ವಿಂಚೆಸ್ಟರ್, 1952ರಲ್ಲಿ ಬಂದದ್ದು, ನಮ್ಮ 7.62ರ ಒಡಹುಟ್ಟು. ಈಡು ಹಾರುವಾಗ ಅದರೊಳಗೆ 62,000 ಪಿಎಸ್‌ಐವರೆಗೆ ಒತ್ತಡ ಇರಬಹುದು. ಕಾರಿನ ಟೈರಿಗೆ ನಾವು 32 ಹೊಡೆಸುತ್ತೇವೆ, ಅಲ್ವಾ? ಆ ಲೆಕ್ಕದಲ್ಲಿ ಸುಮಾರು ಎರಡು ಸಾವಿರ ಪಟ್ಟು. ಆ ಗಳಿಗೆಯಲ್ಲಿ ಕೇಸು ಉಬ್ಬಿ ನಳಿಗೆಯ ಗೂಡಿಗೆ ಅಂಟಿಕೊಂಡು ಹೊಗೆ ಹಿಂದಕ್ಕೆ ಬರದ ಹಾಗೆ ತಡೆಯುತ್ತದೆ. ಮರುಕ್ಷಣ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಹೊರಗೆ ಬರುತ್ತದೆ. ಕಬ್ಬಿಣಕ್ಕೆ ಇದು ಇಷ್ಟು ಚೆನ್ನಾಗಿ ಬರುವುದಿಲ್ಲ. ಹಿತ್ತಾಳೆಗೆ ಬರುತ್ತದೆ.

ಅಳಿಯನ ಗ್ಯಾರೇಜಿನಲ್ಲಿ ಒಂದು ಹಾಲಿನ ಬಕೆಟ್ ತುಂಬ ಕೇಸುಗಳು. ಕೊಂಡದ್ದು, ರೇಂಜಿನಲ್ಲಿ ಹೆಕ್ಕಿದ್ದು, ಗೆಳೆಯರು ಕೊಟ್ಟದ್ದು, ಎಲ್ಲ ಬೆರಕೆ. ನಾನು ಬಂದ ಮೂರನೇ ದಿನಕ್ಕೇ ಅವನಿಗೆ ನನ್ನ ಬೇಜಾರು ಗೊತ್ತಾಯಿತು. "ಮಾವ, ಸುಮ್ನೆ ಕೂರೋ ಬದಲು ಇದನ್ನು ಕಂಪನಿ ಪ್ರಕಾರ ಬೇರೆ ಮಾಡಿಕೊಡಿ" ಅಂದ. ಬುಡದ ಅಕ್ಷರ ಓದುತ್ತಾ ಕೂತೆ. ಫಿನ್ಲೆಂಡಿನ ಲಾಪುವಾ, ಸ್ವೀಡನ್ನಿನ ನಾರ್ಮಾ, ಅಮೆರಿಕದ ವಿಂಚೆಸ್ಟರ್, ಫೆಡರಲ್, ಹಾರ್ನಡಿ, ರೆಮಿಂಗ್ಟನ್, ಸರ್ಬಿಯಾದ ಪಿಪಿಯು, ಚೆಕ್ ದೇಶದ ಸೆಲಿಯರ್ ಆಂಡ್ ಬೆಲೊ. ಕೊನೆಯದು 1825ರಲ್ಲಿ ಶುರುವಾದದ್ದಂತೆ. ಆಗ ಕೊಡಗಿನಲ್ಲಿ ಇನ್ನೂ ರಾಜರಿದ್ದರು.

ಬೇರೆ ಮಾಡಿದ ಮೇಲೆ ಪ್ರತಿ ಕಂಪನಿಯ ಇಪ್ಪತ್ತು ತೆಗೆದು, ಒಂದೇ ಅಚ್ಚಿಗೆ ಒತ್ತಿ, ಒಂದೇ ಉದ್ದಕ್ಕೆ ಕತ್ತರಿಸಿ ತೂಗಲು ಶುರು ಮಾಡಿದೆ. ಅವರ ತೂಕ ಗ್ರೇನಿನಲ್ಲಿ. ಒಂದು ಪೌಂಡಿಗೆ 7,000 ಗ್ರೇನು. ನನಗೆ ಅದು ತಲೆಗೆ ಹತ್ತಲಿಲ್ಲ. ಕೊನೆಗೆ ಅಕ್ಕಸಾಲಿಗರ ಗುಲಗಂಜಿಗೆ ಹೋಲಿಸಿಕೊಂಡೆ. ಒಂದು ಗುಲಗಂಜಿಗೆ ಎರಡು ಗ್ರೇನಿಗಿಂತ ತುಸು ಕಮ್ಮಿ. ಅಲ್ಲಿಂದ ಕೈಗೆ ಲೆಕ್ಕ ಸಿಕ್ಕಿತು.

ಲಾಪುವಾ ಸರಾಸರಿ 172 ಗ್ರೇನು. ಇಪ್ಪತ್ತರಲ್ಲಿ ಅತಿ ಭಾರದ್ದಕ್ಕೂ ಅತಿ ಹಗುರದ್ದಕ್ಕೂ ಒಂದೂವರೆ ಗ್ರೇನು ವ್ಯತ್ಯಾಸ. ಒಂದು ಗುಲಗಂಜಿಯೂ ಇಲ್ಲ! ತಕ್ಕಡಿ ಕೆಟ್ಟಿದೆ ಅಂದುಕೊಂಡು ಎರಡನೇ ಸಲ ತೂಗಿದೆ. ಅದೇ ಬಂತು. ಆ ಬಕೆಟ್ಟಿನಲ್ಲಿದ್ದ ವಿಂಚೆಸ್ಟರ್ ಹಗುರ, ಸುಮಾರು 159. ಫೆಡರಲ್ ಭಾರ, 176. ಪಿಪಿಯು ಫೆಡರಲ್ಲಿನ ಹತ್ತಿರ. ಇನ್ನೊಂದು ಕಂಪನಿಯದು, ಹೆಸರು ಬೇಡ, ಇಪ್ಪತ್ತಕ್ಕೆ ಇಪ್ಪತ್ತೂ ಒಂದೊಂದು ತೂಕ. ಊರಹಬ್ಬಕ್ಕೆ ಬಂದ ನೆಂಟರ ಥರ ಚಿಕ್ಕವರು, ದೊಡ್ಡವರು ಎಲ್ಲ ಒಟ್ಟಿಗೆ. ಇವು ನಮ್ಮ ಬಕೆಟ್ಟಿನ ಲೆಕ್ಕ ಅಷ್ಟೆ. ಅದೇ ಕಂಪನಿ ಬೇರೆ ವರ್ಷ ಮಾಡಿದ್ದು ಬೇರೆ ತೂಗಬಹುದು, ತೂಗುತ್ತದೆ ಕೂಡ.

ತೂಕ ಹೆಚ್ಚಿದ್ದರೆ ಒಳ್ಳೆಯದೋ ಕಮ್ಮಿ ಇದ್ದರೆ ಒಳ್ಳೆಯದೋ? ನಾನು ಮೊದಲು ಕೇಳಿದ್ದು ಇದನ್ನೇ. ಪಾತ್ರೆ ಅಂಗಡಿಯ ಬುದ್ಧಿ, ಭಾರ ಇದ್ದದ್ದು ಗಟ್ಟಿ. ಅಳಿಯ ನಕ್ಕು ಒಂದು ಸಿರಿಂಜ್ ಕೊಟ್ಟ. ಸತ್ತ ಕೇಪನ್ನು ತೆಗೆಯದೆ ಹಾಗೇ ಬಿಟ್ಟರೆ ಬುಡದ ತೂತು ಮುಚ್ಚಿರುತ್ತದೆ. ಒಣ ಕೇಸು ತೂಗಬೇಕು, ಬಾಯಿ ಮಟ್ಟಕ್ಕೆ ನೀರು ತುಂಬಿ ಮತ್ತೆ ತೂಗಬೇಕು. ಕೊನೆಯ ಹನಿ ಹಾಕುವಾಗ ನೀರು ಬಾಯಲ್ಲಿ ಗುಮ್ಮಟದ ಹಾಗೆ ಉಬ್ಬುತ್ತದೆ, ಅದನ್ನು ಬ್ಲಾಟಿಂಗ್ ಕಾಗದದ ಮೂಲೆಯಿಂದ ಮುಟ್ಟಿ ಸಮ ಮಾಡಬೇಕು. ನಡುಗುವ ಕೈಗೆ ಆಗುವ ಕೆಲಸ ಅಲ್ಲ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಫೆಡರಲ್ಲಿನಲ್ಲಿ ವಿಂಚೆಸ್ಟರಿಗಿಂತ ಎರಡು ಗ್ರೇನು ನೀರು ಕಮ್ಮಿ ಹಿಡಿಯಿತು. ಲೆಕ್ಕ ಹಾಕಿದರೆ ಸರಿಯೇ. ಹೊರಗಿನ ಅಳತೆ ಎರಡಕ್ಕೂ ಒಂದೇ. ಹಿತ್ತಾಳೆ ನೀರಿಗಿಂತ ಎಂಟೂವರೆ ಪಟ್ಟು ಭಾರ. ಹದಿನೇಳು ಗ್ರೇನು ಹೆಚ್ಚಿನ ಹಿತ್ತಾಳೆ ಒಳಗೆ ಎರಡು ಗ್ರೇನು ನೀರಿನ ಜಾಗ ನುಂಗಿದೆ. ಜಾಗ ಕಮ್ಮಿಯಾದರೆ ಅದೇ ಮದ್ದು ಹೆಚ್ಚು ಒತ್ತಡ ಕೊಡುತ್ತದೆ. ಒಂದು ಕೇಸಿನಲ್ಲಿ ಪರವಾಗಿಲ್ಲ ಅನ್ನುವ ಅಳತೆ ಇನ್ನೊಂದು ಕೇಸಿನಲ್ಲಿ ಅಪಾಯ. ಇದು ಅರ್ಥವಾದ ಮೇಲೆ ಆ ಬೆರಕೆ ಬಕೆಟ್ ನೋಡಿದರೆ ನನಗೆ ಮೈ ಜುಮ್ಮೆಂದಿತು. ಅವತ್ತೇ ಕೂತು ಪ್ರತಿ ಕಂಪನಿಗೊಂದು ಡಬ್ಬಿ ಮಾಡಿದೆ. ಮುಚ್ಚಳದ ಮೇಲೆ ಕನ್ನಡದಲ್ಲೇ ಬರೆದೆ. ಅವನ ಗೆಳೆಯನೊಬ್ಬ ಬಂದು "ಇದೇನು, ಜಿಲೇಬಿ?" ಅಂತ ಕೇಳಿದನಂತೆ.

ಹಾಗಾದರೆ ಲಾಪುವಾಗೆ ಅಷ್ಟು ದುಡ್ಡು ಯಾಕೆ? ಅಳಿಯ ಒಂದಕ್ಕೆ ಎರಡು ಡಾಲರಿಗೂ ಮೇಲೆ ಕೊಟ್ಟಿದ್ದ. ಡಬ್ಬಿ ತೆಗೆದಾಗ ನನಗೆ ಮೊದಲು ಕಂಡದ್ದು ಕುತ್ತಿಗೆಯ ಬಣ್ಣ. ಬಾಯಿಂದ ಭುಜದವರೆಗೆ ನೇರಳೆ, ನೀಲಿ, ಹೊಗೆಬಣ್ಣದ ಒಂದು ಪಟ್ಟಿ, ಪಾರಿವಾಳದ ಕತ್ತಿನ ಹಾಗೆ. ಇದೇನು ಹೊಸದು ಸುಟ್ಟ ಹಾಗಿದೆ ಅಂದೆ. ಸುಟ್ಟದ್ದೇ. ಹಿತ್ತಾಳೆಯನ್ನು ಬಗ್ಗಿಸಿದಷ್ಟೂ, ಒತ್ತಿದಷ್ಟೂ ಗಟ್ಟಿಯಾಗುತ್ತಾ ಹೋಗಿ ಕೊನೆಗೆ ಸೀಳುತ್ತದೆ. ಹಾಗಾಗಬಾರದು ಅಂತ ಕುತ್ತಿಗೆಯನ್ನು ಬಿಸಿ ಮಾಡಿ ಮೆದು ಮಾಡುತ್ತಾರೆ. ಬೇರೆ ಹಲವರೂ ಮಾಡುತ್ತಾರೆ, ಆಮೇಲೆ ಗಿರಾಕಿಗೆ ಚಂದ ಕಾಣಲಿ ಅಂತ ಉಜ್ಜಿ ಬಣ್ಣ ತೆಗೆಯುತ್ತಾರೆ. ಲಾಪುವಾದವರು ಹಾಗೇ ಬಿಡುತ್ತಾರೆ. ಸೇನೆಯ ಕೇಸುಗಳಲ್ಲೂ ಈ ಕಲೆ ಇರುತ್ತದೆ. ಇಪ್ಪತ್ನಾಲ್ಕು ವರ್ಷ ನೋಡಿದ್ದೇನೆ, ಒಂದು ದಿನವೂ ಯಾಕೆ ಅಂತ ಕೇಳಿರಲಿಲ್ಲ.

ಇನ್ನೊಂದು, ಒಳಗಿನ ತೂತು. ಕೇಪಿನ ಕಿಡಿ ಮದ್ದಿಗೆ ಹೋಗುವ ಕಿಂಡಿ ಅದು, ಸಾಮಾನ್ಯವಾಗಿ 2 ಮಿಲಿಮೀಟರ್. ಬಹಳಷ್ಟು ಕೇಸಿನಲ್ಲಿ ಅದನ್ನು ಗುದ್ದಿ ಮಾಡಿರುತ್ತಾರೆ, ಒಳಗಡೆ ಅಂಚಿನಲ್ಲಿ ಸಣ್ಣ ಹುರುಪೆ ಉಳಿದಿರುತ್ತದೆ. ಟಾರ್ಚ್ ಬಿಟ್ಟು ನೋಡಿದರೆ ಹಲಸಿನ ಮುಳ್ಳಿನ ಹಾಗೆ. ಅದನ್ನು ಒಂದು ಸಣ್ಣ ಬೈರಿಗೆಯಿಂದ ತಿರುಗಿಸಿ ತೆಗೆಯಬೇಕು. ನಾರ್ಮಾದಲ್ಲೂ ಲಾಪುವಾದಲ್ಲೂ ನಮ್ಮ ಬೈರಿಗೆಗೆ ಕೆಲಸವೇ ಸಿಗಲಿಲ್ಲ. ಲಾಪುವಾ .308ರಲ್ಲೇ ಇನ್ನೊಂದು ಜಾತಿ ಇದೆ, ಪಾಲ್ಮಾ ಅಂತ. ಅದಕ್ಕೆ ಚಿಕ್ಕ ಕೇಪು, ಕಿಂಡಿಯೂ ಒಂದೂವರೆ ಮಿಲಿಮೀಟರ್. ದೂರದ ಗುರಿಯವರ ಸರಕು. ನಮಗೆ ಅದರ ಗೊಡವೆ ಬೇಡ.

ಲಾಪುವಾ ಅನ್ನುವುದು ಊರಿನ ಹೆಸರು. ಅಲ್ಲಿನ ತೋಟಾ ಕಾರ್ಖಾನೆಯಲ್ಲಿ 1976ರ ಏಪ್ರಿಲ್ 13ರಂದು ಸ್ಫೋಟವಾಗಿ 40 ಜನ ಸತ್ತರು, ಹೆಚ್ಚಿನವರು ಹೆಂಗಸರು. ಅಳಿಯನಿಗೆ ಗೊತ್ತಿರಲಿಲ್ಲ. ನಾನು ಸೇನೆಯಲ್ಲಿದ್ದಾಗ ಮದ್ದಿನ ಮನೆಯ ಸುರಕ್ಷತೆಯ ಪಾಠದಲ್ಲಿ ಒಬ್ಬ ಸುಬೇದಾರರು ಹೇಳಿದ್ದು ನೆನಪಿತ್ತು. ಆ ಡಬ್ಬಿ ಮುಚ್ಚುವಾಗ ಸ್ವಲ್ಪ ಹೊತ್ತು ಕೈ ಹಾಗೇ ನಿಂತಿತು.

ಕೇಸು ಎಷ್ಟು ಸಲ ಬಾಳುತ್ತದೆ ಅನ್ನುವುದನ್ನು ಬುಡ ಹೇಳುತ್ತದೆ. ಕೇಪು ಕೂರುವ ಗುಂಡಿ ಪ್ರತಿ ಸಲ ಚೂರು ಚೂರು ಹಿಗ್ಗುತ್ತದೆ. ಸೆಲಿಯರ್ ಆಂಡ್ ಬೆಲೊದಲ್ಲಿ ಕೇಪು ಒತ್ತುವಾಗ ಹೆಬ್ಬೆರಳು ನೋಯುವಷ್ಟು ಬಿಗಿ. ಕೇಪಿನ ಸುತ್ತ ಕೆಂಪು ಅರಗಿನಂಥ ಬಣ್ಣ ಬೇರೆ, ಕುಂಕುಮ ಇಟ್ಟ ಹಾಗೆ. ಇನ್ನೊಂದು ಕಂಪನಿಯದು, ಮತ್ತೆ ಹೆಸರು ಹೇಳಲ್ಲ, ಐದನೇ ಸಲಕ್ಕೇ ಕೇಪು ಬೆರಳಲ್ಲಿ ತಳ್ಳಿದರೆ ಒಳಗೆ ಹೋಯಿತು. ಹೊಳಪಿನಲ್ಲಿ ಅದೇ ಎಲ್ಲಕ್ಕಿಂತ ಚಂದ ಇತ್ತು. ಅಂಥದ್ದು ಕಸಕ್ಕೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ಪರೀಕ್ಷೆ ಒಂದು ತಂತಿಯದು. ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಅರ ಹಾಕಿ ಚೂಪು ಮಾಡಬೇಕು. ಅದನ್ನು ಕೇಸಿನೊಳಗೆ ಬುಡದವರೆಗೆ ಇಳಿಸಿ ಗೋಡೆಗೆ ಒತ್ತಿ ಮೆಲ್ಲಗೆ ಮೇಲಕ್ಕೆ ಎಳೆಯಬೇಕು. ಒಳ್ಳೆ ಕೇಸಾದರೆ ತಂತಿ ಸರ್ರನೆ ಜಾರುತ್ತದೆ. ಅಚ್ಚಿಗೆ ಅತಿಯಾಗಿ ಒತ್ತಿ ಒತ್ತಿ ಸವೆದ ಕೇಸಾದರೆ ಬುಡದಿಂದ ಸ್ವಲ್ಪ ಮೇಲೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ. ಒಳಗೆ ಒಂದು ಉಂಗುರದಂಥ ತೋಡು ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ಅದೇ ಜಾಗದಲ್ಲಿ ಒಂದು ಬೆಳ್ಳನೆ ಗೆರೆ, ಅಷ್ಟೆ. ಇನ್ನೊಂದು ಈಡಿಗೆ ಅದು ಅಲ್ಲೇ ಎರಡು ತುಂಡಾಗಬಹುದು. ನನ್ನ ಕಣ್ಣಿಗೆ ಈಗ ಸಣ್ಣದು ಕಾಣುವುದಿಲ್ಲ, ಆದರೆ ಬೆರಳು ಇನ್ನೂ ಸರಿಯಾಗಿದೆ. ಆ ದಿನ ಬಕೆಟ್ಟಿನಲ್ಲಿ ಒಂಬತ್ತು ಹಿಡಿದೆ. ಅಳಿಯ ಅದರಲ್ಲಿ ಒಂದನ್ನು ಉದ್ದಕ್ಕೆ ಗರಗಸದಲ್ಲಿ ಸೀಳಿ ನೋಡಿದ. ತೋಡು ಇತ್ತು, ಬೆಳಕು ಕಾಣಲು ಒಂದು ಹಾಳೆ ದಪ್ಪ ಬಾಕಿ. "ಮಾವ, ನಿಮ್ಮನ್ನ ಇಲ್ಲೇ ಇಟ್ಕೊಳ್ತೀನಿ" ಅಂದ.

ಮಧ್ಯೆ ಒಂದು ವಿಷಯ. ನಮ್ಮ ಸೇನೆಯ ಕೇಸನ್ನು ಹೀಗೆ ಮತ್ತೆ ತುಂಬಬಹುದಾ ಅಂತ ಅವನ ಗೆಳೆಯರು ಕೇಳಿದರು. ಬಹಳ ಕಷ್ಟ, ಯಾಕೆಂದರೆ ನಾನು ನೋಡಿದ ಹಳೇ .303 ಬರ್ಡನ್ ಕೇಪಿನದು. ಅದರಲ್ಲಿ ನಡುವೆ ಒಂದು ದೊಡ್ಡ ತೂತಿನ ಬದಲು ಪಕ್ಕದಲ್ಲಿ ಎರಡು ಸೂಜಿ ತೂತು, ಮಧ್ಯದಲ್ಲಿ ಹಿತ್ತಾಳೆಯದೇ ಒಂದು ಮೊಳೆ. ಒಳಗಿನಿಂದ ಕಡ್ಡಿ ಹಾಕಿ ಕೇಪು ತಳ್ಳಲು ಆಗುವುದಿಲ್ಲ. ಅಮೆರಿಕದ ಕೇಸೆಲ್ಲ ಬಾಕ್ಸರ್ ಪದ್ಧತಿ, ಒಂದೇ ತೂತು. ತಮಾಷೆ ಏನೆಂದರೆ ಬರ್ಡನ್ ಅಮೆರಿಕದವನು, ಬಾಕ್ಸರ್ ಇಂಗ್ಲೆಂಡಿನವನು. ಇಬ್ಬರ ಸರಕೂ ಸಮುದ್ರ ದಾಟಿ ಅದಲು ಬದಲಾಯಿತು.

ಹೊಡೆದು ನೋಡಿದಿರಾ ಅಂತ ಕೇಳುತ್ತೀರಿ. ನೋಡಿದೆವು. ಅಲ್ಲಿ ಲೈಸೆನ್ಸ್ ಇರುವವನು ಪಕ್ಕದಲ್ಲೇ ಇದ್ದರೆ ನನ್ನಂಥವನೂ ಹೊಡೆಯಬಹುದು. ನೂರು ಮೀಟರಿಗೆ ಲಾಪುವಾದಲ್ಲಿ ಐದು, ಪಿಪಿಯುನಲ್ಲಿ ಐದು. ಅಳಿಯನ ಕೈಯಲ್ಲಿ ಲಾಪುವಾದ ಐದು ತೂತನ್ನೂ ಒಂದು ಬೆಳ್ಳಿ ರೂಪಾಯಿ ಮುಚ್ಚಿತು, ಪಿಪಿಯುದು ಅದರಿಂದ ಸ್ವಲ್ಪ ಆಚೆ. ನನ್ನ ಕೈಯಲ್ಲಿ? ಟೀ ಕುಡಿಯುವ ಮೊದಲಿಗೂ ಕುಡಿದ ನಂತರಕ್ಕೂ ಇದ್ದ ವ್ಯತ್ಯಾಸ ಎರಡು ಕಂಪನಿಗಳ ನಡುವೆ ಇರಲಿಲ್ಲ. ಹಾಗಾಗಿ ನನ್ನನ್ನು ಕೇಳಿದರೆ ಜಿಂಕೆಗೆ ಪಿಪಿಯು ಸಾಕು, ಅರ್ಧಕ್ಕಿಂತ ಕಮ್ಮಿ ದುಡ್ಡು. ಅಳಿಯ ಒಪ್ಪುವುದಿಲ್ಲ. ಲಾಪುವಾ ಹತ್ತು ಹನ್ನೆರಡು ಸಲ ಬಂದರೆ ಒಂದು ಈಡಿಗೆ ಎಷ್ಟು ಬಿತ್ತು ಅಂತ ಅವನ ಲೆಕ್ಕ. ಪಿಪಿಯುವೂ ಎಂಟು ಸಲ ಬಂದಿದೆಯಲ್ಲೋ ಅಂತ ನನ್ನದು. ಈ ಜಗಳ ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ನಡೆಯುತ್ತಿದೆ.

ಅವನು ಸೋಲದೆ ಇರುವುದಕ್ಕೆ ಕಾರಣ, ನನ್ನ ಮೇಲೆ ಅವನ ಹತ್ತಿರ ಒಂದು ದೊಡ್ಡ ಅಸ್ತ್ರ ಇದೆ. ಅದನ್ನೂ ಹೇಳಿಬಿಡುತ್ತೇನೆ.

ಮಾರ್ಚ್ ಕೊನೆಯಲ್ಲಿ ಅವನು ಎರಡು ದಿನ ಕೆಲಸಕ್ಕೆ ದೂರ ಹೋದ. ಬಂದಾಗ ಖುಷಿಯಾಗಲಿ ಅಂತ ನಾನು ಲಾಪುವಾದ ಐವತ್ತು ಕೇಸು ತೊಳೆಯಲು ಕೂತೆ. ಅವನು ಮಾಮೂಲಿಯಾಗಿ ಜೋಳದ ದಿಂಡಿನ ತರಿಯಲ್ಲಿ ಹಾಕಿ ಯಂತ್ರದಲ್ಲಿ ಅಲ್ಲಾಡಿಸುತ್ತಾನೆ. ನನಗೆ ಆ ಹೊಳಪು ಸಾಲಲಿಲ್ಲ. ಪರೇಡಿಗೆ ಬಕಲ್ ಉಜ್ಜಿದ ಕೈ ಇದು. ಗ್ಯಾರೇಜಿನ ಶೆಲ್ಫಿನಲ್ಲಿ ಹಿತ್ತಾಳೆ ಪಾಲಿಶಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ, ಮೂಗಿಗೆ ಹೊಡೆಯುವ ಅದೇ ವಾಸನೆ, ಬ್ಯಾರಕ್ಕಿನ ಬೆಳಗಿನ ಜಾವದ ವಾಸನೆ. ಹಳೇ ಬನಿಯನ್ ತುಂಡಿನಲ್ಲಿ ಒಂದೊಂದನ್ನೂ ಉಜ್ಜಿದೆ. ಆ ಪಾರಿವಾಳದ ಬಣ್ಣವನ್ನೂ ತೆಗೆದೆ. ಐವತ್ತನ್ನೂ ಟೇಬಲ್ ಮೇಲೆ ಸಾಲಾಗಿ ನಿಲ್ಲಿಸಿದೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗಳನ್ನು ಸಾಲಾಗಿ ಇಟ್ಟು ತೋಕ್ ಪೂ, ಅಂದರೆ ಕೋವಿ ಹೂ, ಏರಿಸುತ್ತೇವಲ್ಲ, ಹಾಗೆ ಕಾಣುತ್ತಿತ್ತು.

ಅಳಿಯ ಬಂದ. ನೋಡಿದ. ಒಂದನ್ನು ಎತ್ತಿ ಮೂಸಿದ. "ಮಾವ, ಇದಕ್ಕೆ ಏನು ಹಾಕಿದಿರಿ?"

ಡಬ್ಬಿ ತೋರಿಸಿದೆ. ಅವನು ಏನೂ ಹೇಳದೆ ಕೂತುಕೊಂಡ. ಆ ಪಾಲಿಶಿನಲ್ಲಿ ಅಮೋನಿಯಾ ಇದೆ. ಅಮೋನಿಯಾ ಹಿತ್ತಾಳೆಗೆ ವಿಷ. ಮೇಲೆ ಹೊಳೆಯುತ್ತದೆ, ಆದರೆ ಎಳೆದು ಒತ್ತಿ ಮಾಡಿದ ಹಿತ್ತಾಳೆಯೊಳಗೆ ಬಿಗಿತ ಉಳಿದಿರುತ್ತದಲ್ಲ, ಅಲ್ಲಿ ಹೊಕ್ಕು ಕಣದ ಸಂದಿಯಲ್ಲಿ ಸೀಳು ಬಿಡುತ್ತದೆ. ಬಕಲ್ಲಿಗೆ ಒಳಗಿನಿಂದ ಯಾರೂ ಅರವತ್ತು ಸಾವಿರದ ಒತ್ತಡ ಕೊಡುವುದಿಲ್ಲ. ತೊಳೆದರೆ ಹೋಗಲ್ವಾ ಅಂದೆ. ಹೋಗಿರಬಹುದು, ಹೋಗದೇನೂ ಇರಬಹುದು, ಗೊತ್ತಿಲ್ಲದ ಕೇಸಿನ ಹಿಂದೆ ನಾನು ಮುಖ ಇಡಲ್ಲ ಅಂದ. ಸರಿಯಾದ ಮಾತು. ನಾನೇ ಹುಡುಗರಿಗೆ ಹೇಳುತ್ತಿದ್ದ ಮಾತು. ಇಕ್ಕಳ ತೆಗೆದುಕೊಂಡು ಐವತ್ತರ ಬಾಯಿಯನ್ನೂ ನಾನೇ ಚಪ್ಪಟೆ ಮಾಡಿದೆ, ಬೇರೆ ಯಾರೂ ಬಳಸಬಾರದು ಅಂತ. ನೂರು ಡಾಲರಿನ ಮೇಲಿನ ಹಿತ್ತಾಳೆ. ನಮ್ಮ ಮನೆಯಲ್ಲಿ ದೀಪ ತೊಳೆಯುವ ಹುಣಸೆಹಣ್ಣನ್ನು ಹಚ್ಚಿದ್ದರೆ ಏನೂ ಆಗುತ್ತಿರಲಿಲ್ಲ! ಅವರೂ ಒಂದೊಂದು ಸಲ ನಿಂಬೆಯ ಹುಳಿಪುಡಿಯನ್ನು ನೀರಿಗೆ ಹಾಕಿಯೇ ತೊಳೆಯುವುದು.

ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಓದುತ್ತಾ ಕೂತೆ. ಈ ಸೀಳುವ ರೋಗವನ್ನು ಮೊದಲು ಕಂಡದ್ದು ಎಲ್ಲಿ ಗೊತ್ತಾ? ನಮ್ಮ ದೇಶದಲ್ಲೇ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಓಡಾಟ ಕಮ್ಮಿ ಮಾಡಿ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತು. ಮಳೆ ಮುಗಿದು ತೆಗೆದು ನೋಡಿದರೆ ಕೇಸುಗಳ ಬಾಯಿ ಸೀಳಿರುತ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಅನ್ನುವ ಮೂವರು ಬಿಡಿಸಿ ಹೇಳಿದರು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಮಳೆಯ ತೇವ, ಹಿತ್ತಾಳೆಯೊಳಗಿನ ಬಿಗಿತ. ಮೂರೂ ಕೂಡಿದರೆ ಸೀಳು. ಇಂಗ್ಲಿಷಿನಲ್ಲಿ ಅದಕ್ಕೆ ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು.

ಲಾಯ, ಗಂಜಲ, ಮಳೆಗಾಲ. ಹಾಸಿಗೆಯಲ್ಲಿ ಎದ್ದು ಕೂತೆ.

1971. ನನಗೆ ಒಂಬತ್ತು ವರ್ಷ. ಅಜ್ಜನ ಹತ್ತಿರ ಜೋಡಿನಳಿಗೆಯ ಹನ್ನೆರಡು ಬೋರಿನ ಕೋವಿ. ಪೂರ್ತಿ ಹಿತ್ತಾಳೆಯ ತೋಟಾ ಆಗ ಸಿಗುತ್ತಿತ್ತು, ಅದನ್ನೇ ತುಂಬಿ ತುಂಬಿ ವರ್ಷಗಟ್ಟಲೆ ಬಳಸುತ್ತಿದ್ದರು. ಗದ್ದೆ ಕೆಲಸ ಶುರುವಾದರೆ ಕೋವಿ ಕನ್ನಿ ಕೋಂಬರೆ, ಅಂದರೆ ದೇವರ ಕೋಣೆ, ಸೇರುತ್ತಿತ್ತು, ಕೈಲ್‌ಪೊಳ್ದ್‌ವರೆಗೆ ಮುಟ್ಟುವ ಹಾಗಿಲ್ಲ. ತೋಟಾ ಮಾತ್ರ ಅಲ್ಲಿ ಇಡುತ್ತಿರಲಿಲ್ಲ, ದೀಪ ಉರಿಯುವ ಜಾಗ ಅಂತ. ಒಲೆ ಮೇಲಿನ ಅಟ್ಟ ಬೆಚ್ಚಗೆ ಒಣಗಿರುತ್ತದೆ, ಆದರೆ ಒಲೆ ಮೇಲೆ ಮದ್ದು ಇಡೋಕಾಗುತ್ತಾ? ಹಾಗಾಗಿ ಮನೆಯಿಂದ ದೂರ, ಕೊಟ್ಟಿಗೆಯ ಅಟ್ಟದಲ್ಲಿ, ತಗಡಿನ ಪೆಟ್ಟಿಗೆಯಲ್ಲಿ. ಕೆಳಗೆ ಆರು ದನ, ಎರಡು ಎಮ್ಮೆ. ಆ ವರ್ಷ ಇಪ್ಪತ್ತೈದು ಹೊಸ ಹಿತ್ತಾಳೆ ಕೇಸು ತಂದು ಮಳೆಗೆ ಮುಂಚೆಯೇ ತುಂಬಿ ಇಟ್ಟಿದ್ದರು. ಮಳೆ ಮೂರು ತಿಂಗಳು ಬಿಡದೆ ಹೊಡೆಯಿತು. ಹಬ್ಬದ ಹಿಂದಿನ ದಿನ ಪೆಟ್ಟಿಗೆ ಇಳಿಸಿ ತೆಗೆದರೆ ಹದಿನೆಂಟರ ಬಾಯಿ ಸೀಳಿತ್ತು. ಕೆಲವದರ ಸಂದಿಯಿಂದ ಚರೆ ಉದುರುತ್ತಿತ್ತು. ನಾನು ಆ ಚರೆಗಳನ್ನು ಹೆಕ್ಕಿ ಗೋಲಿ ಥರ ಆಡಿದೆ.

ಅಜ್ಜನಿಗೆ ಬಂದ ಕೋಪ ನಾನು ಆಮೇಲೆ ಸೇನೆಯಲ್ಲೂ ನೋಡಿಲ್ಲ. ಅಂಗಡಿಯವನು ಕಲಬೆರಕೆ ಹಿತ್ತಾಳೆ ಕೊಟ್ಟ ಅಂತ. ಹಬ್ಬ ಮುಗಿದ ಮಾರನೇ ದಿನವೇ ವಿರಾಜಪೇಟೆಗೆ ಹೋಗಿ ಆ ಅಂಗಡಿಯ ಕಟ್ಟೆ ಮೇಲೆ ಸೀಳಿದ ಕೇಸುಗಳನ್ನು ಸುರಿದು ಬಂದರು. ಅಂಗಡಿಯವರು ಪಾಪ, ದೇವರ ಆಣೆ ಹಾಕಿದರಂತೆ. ಅಜ್ಜ ಕೇಳಲಿಲ್ಲ. ನಮ್ಮ ಮನೆಯವರು ಯಾರೂ ಆ ಅಂಗಡಿ ಮೆಟ್ಟಿಲು ಹತ್ತಬಾರದು ಅಂದರು. 1988ರಲ್ಲಿ ಸಾಯುವವರೆಗೆ ಸೀಮೆಎಣ್ಣೆ ಬತ್ತಿಗೂ ಗೋಣಿಕೊಪ್ಪಕ್ಕೆ ಹೋದರು. ಅಪ್ಪನೂ ಹತ್ತಲಿಲ್ಲ. ನಾನೂ ಹತ್ತಿರಲಿಲ್ಲ. ಯಾಕೆ ಅಂತ ಮರೆತೇ ಹೋಗಿತ್ತು. ಆ ಕಡೆ ಹೋಗುವಾಗ ಕಾಲು ತಾನಾಗಿ ರಸ್ತೆಯ ಇನ್ನೊಂದು ಬದಿಗೆ ಹೋಗುತ್ತಿತ್ತು, ಅಷ್ಟೆ.

ಆ ಇಪ್ಪತ್ತೈದರಲ್ಲಿ ಒಂದು ಇನ್ನೂ ನಮ್ಮ ಮನೆಯಲ್ಲಿದೆ. ಅಜ್ಜಿ ಅದರಲ್ಲಿ ಅಕ್ಕಿ ತುಂಬಿ ಊದುಬತ್ತಿ ಚುಚ್ಚುತ್ತಿದ್ದರು. ಊರಿಗೆ ಬಂದ ದಿನವೇ ಅದನ್ನು ಕೆಳಗಿಳಿಸಿ ನೋಡಿದೆ. ಬಾಯಿಂದ ಒಂದು ಬೆರಳಷ್ಟು ಕೆಳಗಿನವರೆಗೆ ಸೀಳು. ಅಲ್ಲಲ್ಲಿ ಕವಲೊಡೆದು, ಬೇಸಿಗೆಯ ಗದ್ದೆ ಬಿರುಕು ಬಿಟ್ಟ ಹಾಗೆ. ಉಬ್ಬಿಲ್ಲ, ನಗ್ಗಿಲ್ಲ. ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆ ಒಳ್ಳೆಯದೇ. ಗಟ್ಟಿ, ತೂಕ ಇರುವ ಹಿತ್ತಾಳೆ. ಬುಡದಲ್ಲಿ ಅಕ್ಷರ ಇನ್ನೂ ಚೊಕ್ಕವಾಗಿ ಕಾಣುತ್ತದೆ.

ಹೋದ ವಾರ ಮಳೆಯಲ್ಲೇ ವಿರಾಜಪೇಟೆ ಸಂತೆಗೆ ಹೋಗಿದ್ದೆ. ಆ ಅಂಗಡಿ ಈಗ ಮೊಬೈಲು, ಟಾರ್ಚು, ಎಮರ್ಜೆನ್ಸಿ ಲೈಟಿನದು. ಮೊಮ್ಮಗ ನೋಡಿಕೊಳ್ಳುತ್ತಾನೆ, ಕಿವಿಯಲ್ಲಿ ಇಯರ್‌ಫೋನು. ಛತ್ರಿ ಮಡಚಿ ಮೆಟ್ಟಿಲು ಹತ್ತಿದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅಮೋನಿಯಾ, ಕೊಟ್ಟಿಗೆ, 1921, ಎಲ್ಲ. ಹುಡುಗ ಒಂದು ಇಯರ್‌ಫೋನು ತೆಗೆದು "ಏನ್ ಬೇಕಿತ್ತು ಅಂಕಲ್?" ಅಂದ.

"ಒಂದು ಟಾರ್ಚ್ ಕೊಡಪ್ಪ" ಅಂದೆ.

ಮುನ್ನೂರೈವತ್ತು ಹೇಳಿದ. ಚೌಕಾಸಿ ಮಾಡಲಿಲ್ಲ. ಅವನಿಗೇ ಆಶ್ಚರ್ಯವಾಗಿ ಮುನ್ನೂರಕ್ಕೆ ಕೊಟ್ಟ. ಬೆಳಗ್ಗೆಯಿಂದ ನಾಲ್ಕನೇ ಸಲ ಈಗ ಕರೆಂಟು ಹೋಯಿತು, ಅದನ್ನೇ ಹಚ್ಚಿಕೊಂಡು ಈ ಕೊನೆಯ ಸಾಲು ಬರೆಯುತ್ತಿದ್ದೇನೆ.